ಪಾರ್ಕಿನ್ಸನ್ ಮಾತ್ರೆಯಿಂದ ಜೂಜಿನ ಗೀಳು ಹತ್ತಬಹುದೇ? ತಂದೆಯವರ ವಿಷಯದಲ್ಲಿ ಸಲಹೆ ಬೇಕಾಗಿದೆ

ಪ್ರಶ್ನೆ: ರೋಗಿಯ ಮಗಳು

ನಮ್ಮ ತಂದೆಯವರಿಗೆ ಈಗ 64 ವರ್ಷ. ಆರು ವರ್ಷಗಳ ಹಿಂದೆ ಬಲಗೈ ಹೆಬ್ಬೆರಳಿನ ನಡುಕವಾಗಿ ಕಾಣಿಸಿಕೊಂಡದ್ದು ಪಾರ್ಕಿನ್ಸನ್ ಕಾಯಿಲೆ ಎಂದು ಪರೀಕ್ಷೆಯ ನಂತರ ತಿಳಿಯಿತು. ಆರಂಭದಲ್ಲಿ ಪ್ರಮಿಪೆಕ್ಸೋಲ್ ಮಾತ್ರೆ ಕೊಟ್ಟರು. ಎರಡು ವರ್ಷ ಕಳೆದ ಮೇಲೆ ಲೆವೊಡೋಪಾ ಸೇರಿಸಿದರು. ಹೋದ ವರ್ಷ ಮೈ ಬಿಗಿತ ಹೆಚ್ಚಾಯಿತೆಂದು ಪ್ರಮಿಪೆಕ್ಸೋಲ್ ಪ್ರಮಾಣವನ್ನು ಏರಿಸಿದರು. ನಡಿಗೆ ಸುಧಾರಿಸಿತು, ಅಂಗಿಯ ಗುಂಡಿಗಳನ್ನು ಮತ್ತೆ ತಾವೇ ಹಾಕಿಕೊಳ್ಳುವಂತಾದರು. ಮನೆಯವರೆಲ್ಲ ಸಮಾಧಾನದ ಉಸಿರು ಬಿಟ್ಟಿದ್ದೆವು.

ಅಪ್ಪ ಮೂವತ್ತೈದು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ದುಡಿದವರು. ಮನೆಯ ಖರ್ಚನ್ನು ಪ್ರತಿ ರಾತ್ರಿ ಪುಸ್ತಕದಲ್ಲಿ ಬರೆದು, ಕೆಳಗೆ ಗೆರೆ ಎಳೆದು, ಮೊತ್ತ ತಾಳೆಯಾದ ಮೇಲೆಯೇ ಮಲಗುತ್ತಿದ್ದರು. ಜೀವನದಲ್ಲಿ ಒಂದು ಲಾಟರಿ ಚೀಟಿಯನ್ನೂ ಕೊಂಡವರಲ್ಲ. ಅಂಥವರು ಅವಧಿ ಮುಗಿಯುವ ಮೊದಲೇ ಬ್ಯಾಂಕಿನ ಠೇವಣಿಯೊಂದನ್ನು ಮುರಿಸಿದ್ದಾರೆ ಎಂಬುದು ಎರಡು ತಿಂಗಳ ಹಿಂದೆ ಅಮ್ಮನಿಗೆ ಆಕಸ್ಮಿಕವಾಗಿ ತಿಳಿಯಿತು. ಕೇಳಿದಾಗ ಹಳೆಯ ಸ್ನೇಹಿತರಿಗೆ ಕಷ್ಟವಿತ್ತು, ಕೊಟ್ಟೆ ಎಂದರು. ನಾವು ನಂಬಿದೆವು.

ಕಳೆದ ವಾರ ರಾತ್ರಿ ಎರಡೂವರೆಗೆ ನೀರು ಕುಡಿಯಲು ಎದ್ದಾಗ ಅವರ ಕೋಣೆಯಲ್ಲಿ ಹೊದಿಕೆಯ ಒಳಗಿನಿಂದ ಬೆಳಕು ಬರುತ್ತಿರುವುದು ಕಂಡಿತು. ಹೊದಿಕೆಯನ್ನು ತಲೆಯ ಮೇಲೆ ಗೂಡಿನಂತೆ ಎಳೆದುಕೊಂಡು ಮೊಬೈಲಿನಲ್ಲಿ ಹಣ ಕಟ್ಟಿ ಇಸ್ಪೀಟು ಆಡುತ್ತಿದ್ದರು. ಹಗಲಿನಲ್ಲಿ ಲೋಟ ಹಿಡಿದರೆ ನಡುಗುವ ಅದೇ ಹೆಬ್ಬೆರಳು ಪರದೆಯ ಮೇಲೆ ಚುರುಕಾಗಿ ಓಡಾಡುತ್ತಿತ್ತು. ನಾನು ಬಾಗಿಲಲ್ಲಿ ನಿಂತಿರುವುದು ಅವರ ಗಮನಕ್ಕೆ ಬರಲೇ ಇಲ್ಲ. ಮರುದಿನ ಲೆಕ್ಕದ ಪುಸ್ತಕ ತೆಗೆದು ನೋಡಿದೆ. ಎಂಟು ತಿಂಗಳಿನಿಂದ ಪುಟಗಳು ಖಾಲಿ ಇವೆ.

ಇನ್ನೊಂದು ಬದಲಾವಣೆಯನ್ನೂ ಹೇಳಬೇಕು. ಮನೆಯಲ್ಲಿದ್ದ ಗಡಿಯಾರಗಳನ್ನು ಒಂದೊಂದಾಗಿ ಬಿಚ್ಚಿ, ಚಕ್ರಗಳನ್ನು ಗಾತ್ರದ ಪ್ರಕಾರ ಬಟ್ಟೆಯ ಮೇಲೆ ಸಾಲಾಗಿ ಜೋಡಿಸುತ್ತಾರೆ, ಮತ್ತೆ ಕಲಸುತ್ತಾರೆ, ಮತ್ತೆ ಜೋಡಿಸುತ್ತಾರೆ. ಊಟಕ್ಕೆ ಕರೆದರೆ ಸಿಟ್ಟಾಗುತ್ತಾರೆ. ಒಂದು ಗಡಿಯಾರವನ್ನೂ ಮತ್ತೆ ಕೂಡಿಸಿಲ್ಲ.

ಮಾತ್ರೆಯ ಜೊತೆ ಬಂದ ಚೀಟಿಯ ಸಣ್ಣ ಅಕ್ಷರಗಳಲ್ಲಿ ಜೂಜಿನ ತುಡಿತ ಎಂಬ ಮಾತು ಇರುವುದನ್ನು ಮೊನ್ನೆ ಮೊದಲ ಬಾರಿಗೆ ಓದಿದೆ. ತಮ್ಮ ಇದನ್ನು ಒಪ್ಪುವುದಿಲ್ಲ. ಮಾತ್ರೆ ಕೈಕಾಲಿಗೆ ಕೆಲಸ ಮಾಡುತ್ತದೆ, ಬುದ್ಧಿಗಲ್ಲ, ಅಪ್ಪ ನೆಪ ಹುಡುಕಲು ನಾವೇ ದಾರಿ ಮಾಡಿಕೊಡುತ್ತಿದ್ದೇವೆ ಎನ್ನುತ್ತಾನೆ. ಅಮ್ಮ ಇವತ್ತೇ ಮಾತ್ರೆ ನಿಲ್ಲಿಸಿಬಿಡೋಣ ಎನ್ನುತ್ತಾರೆ. ಇದು ನಿಜಕ್ಕೂ ಮಾತ್ರೆಯಿಂದ ಆಗುವ ತೊಂದರೆಯೇ? ನಾವೇ ನಿಲ್ಲಿಸಬಹುದೇ? ವೈದ್ಯರ ಬಳಿ ಈ ಮಾತನ್ನು ಅಪ್ಪನ ಎದುರಿಗೆ ಹೇಗೆ ಎತ್ತುವುದು?

ಉತ್ತರ 1: ನರರೋಗ ವೈದ್ಯೆ

ಮೊದಲು ತುರ್ತಿನ ಮಾತು. ದಯವಿಟ್ಟು ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಪಾರ್ಕಿನ್ಸನ್ ಔಷಧವನ್ನು ಥಟ್ಟನೆ ನಿಲ್ಲಿಸಿದರೆ ಮೈ ಮರದ ಕೊರಡಿನಂತೆ ಬಿಗಿದು, ತೀವ್ರ ಜ್ವರ ಬಂದು, ಪ್ರಜ್ಞೆ ಮಸುಕಾಗಿ, ಪ್ರಾಣಕ್ಕೇ ಅಪಾಯವಾಗುವ ಸ್ಥಿತಿ ಉಂಟಾಗಬಹುದು. ಆದರೆ ಮುಂದಿನ ನಿಗದಿತ ಭೇಟಿಯವರೆಗೆ ಕಾಯುವ ವಿಷಯವೂ ಇದಲ್ಲ. ನಾಳೆಯೇ ನಿಮ್ಮ ನರರೋಗ ತಜ್ಞರಿಗೆ ಕರೆ ಮಾಡಿ, ನೀವು ಇಲ್ಲಿ ಬರೆದಿರುವುದನ್ನು ಹಾಗೆಯೇ ಹೇಳಿ, ಬೇಗನೆ ಭೇಟಿಗೆ ಸಮಯ ಕೇಳಿ.

ನಿಮ್ಮ ತಂದೆಯವರನ್ನು ಪರೀಕ್ಷಿಸದೆ ನಾನು ಖಚಿತವಾಗಿ ಹೇಳಲಾರೆ. ಆದರೂ ನೀವು ವಿವರಿಸಿರುವ ಕ್ರಮವು, ಅಂದರೆ ಪ್ರಮಿಪೆಕ್ಸೋಲ್ ಪ್ರಮಾಣ ಏರಿದ ನಂತರದ ತಿಂಗಳುಗಳಲ್ಲಿ, ಹಿಂದೆ ಎಂದೂ ಇಲ್ಲದ ಜೂಜು, ನಿದ್ದೆಗೇಡು ಮತ್ತು ಮುಚ್ಚಿಡುವಿಕೆ ಒಟ್ಟಿಗೆ ಕಾಣಿಸಿಕೊಂಡಿರುವುದು, ನಾವು ಚಿಕಿತ್ಸಾಲಯದಲ್ಲಿ ಮತ್ತೆ ಮತ್ತೆ ನೋಡುವ ಚಿತ್ರವೇ ಆಗಿದೆ.

ನಿಮ್ಮ ತಮ್ಮನ ಸಂದೇಹ ಸಹಜವಾದದ್ದು, ಅದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ, ಮೆದುಳಿನಲ್ಲಿ ಸಂದೇಶ ಸಾಗಿಸುವ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ನರಕೋಶಗಳು ಸಾಯುತ್ತವೆ, ಆದರೆ ಎಲ್ಲ ಕಡೆಯೂ ಒಂದೇ ಸಮನಾಗಿ ಅಲ್ಲ. ಚಲನೆಯನ್ನು ನಿಯಂತ್ರಿಸುವ ಭಾಗಕ್ಕೆ ಹೋಗುವ ನರತಂತುಗಳು ಮೊದಲು ಮತ್ತು ಹೆಚ್ಚಾಗಿ ನಾಶವಾಗುತ್ತವೆ. ಆಸೆ, ನಿರೀಕ್ಷೆ, ಗೆದ್ದ ಸಂತೋಷ ಇವುಗಳಿಗೆ ಸಂಬಂಧಿಸಿದ ಭಾಗ ಮೆದುಳಿನ ಅದೇ ನೆರೆಯಲ್ಲಿದ್ದರೂ ಬಹುಕಾಲ ಹೆಚ್ಚುಕಡಿಮೆ ಚೆನ್ನಾಗಿಯೇ ಉಳಿದಿರುತ್ತದೆ. ಒಣಗಿದ ಗದ್ದೆಗೆ ಬೇಕಾದಷ್ಟು ನೀರು ಹರಿಸಿದಾಗ ಪಕ್ಕದ ಹಸಿಯಾದ ಗದ್ದೆಯಲ್ಲಿ ನೀರು ನಿಲ್ಲುವ ಹಾಗೆ, ಕೈಕಾಲಿಗೆ ಸಾಕಾಗುವ ಔಷಧ ಈ ಎರಡನೆಯ ಭಾಗಕ್ಕೆ ಅತಿಯಾಗಿಬಿಡುತ್ತದೆ.

ಇದರಲ್ಲಿ ಎಲ್ಲ ಔಷಧಗಳೂ ಸಮಾನವಲ್ಲ. ಲೆವೊಡೋಪಾ ಮೆದುಳಿನೊಳಗೆ ಹೋಗಿ ಡೋಪಮೈನ್ ಆಗಿ ಬದಲಾಗುತ್ತದೆ. ಪ್ರಮಿಪೆಕ್ಸೋಲ್, ರೋಪಿನಿರೋಲ್, ಚರ್ಮಕ್ಕೆ ಅಂಟಿಸುವ ರೊಟಿಗೊಟಿನ್ ಪಟ್ಟಿ ಇವೆಲ್ಲ ಡೋಪಮೈನ್ ಅಗೊನಿಸ್ಟ್ ಎಂಬ ಗುಂಪಿಗೆ ಸೇರಿದವು. ಇವು ಡೋಪಮೈನ್ ಆಗಿ ಬದಲಾಗುವುದಿಲ್ಲ, ಅದರ ಗ್ರಾಹಕಗಳಿಗೆ, ಅಂದರೆ ನರಕೋಶದ ಮೇಲೆ ಡೋಪಮೈನ್ ಬಂದು ಕೂರುವ ಜಾಗಗಳಿಗೆ, ತಾವೇ ನೇರವಾಗಿ ಅಂಟಿಕೊಂಡು ಕೆಲಸ ಮಾಡುತ್ತವೆ. ಅದರಲ್ಲೂ ಪ್ರಮಿಪೆಕ್ಸೋಲ್ ಮತ್ತು ರೋಪಿನಿರೋಲ್ ಡಿ3 ಎಂಬ ಬಗೆಯ ಗ್ರಾಹಕಕ್ಕೆ ವಿಶೇಷವಾಗಿ ಒಲಿಯುತ್ತವೆ, ಮತ್ತು ಆ ಗ್ರಾಹಕಗಳು ದಟ್ಟವಾಗಿರುವುದು ನಾನು ಮೇಲೆ ಹೇಳಿದ ಆಸೆ ಮತ್ತು ನಿರೀಕ್ಷೆಯ ಭಾಗದಲ್ಲಿಯೇ.

ಸೋತರೂ ಏಕೆ ನಿಲ್ಲಿಸುವುದಿಲ್ಲ ಎಂಬ ಪ್ರಶ್ನೆಗೆ 2004ರಲ್ಲಿ ಪ್ರಕಟವಾದ ಪ್ರಯೋಗವೊಂದು ಒಳ್ಳೆಯ ಸುಳಿವು ಕೊಡುತ್ತದೆ. ಪಾರ್ಕಿನ್ಸನ್ ರೋಗಿಗಳಿಗೆ ಚಿಹ್ನೆಗಳ ಜೋಡಿಗಳನ್ನು ತೋರಿಸಿ, ಪ್ರತಿ ಬಾರಿ ಒಂದನ್ನು ಆರಿಸಲು ಹೇಳಿ, ಸರಿಯೋ ತಪ್ಪೋ ತಿಳಿಸುತ್ತಾ ಹೋದರು. ಔಷಧ ಮೈಯಲ್ಲಿ ಇಲ್ಲದ ಹೊತ್ತಿನಲ್ಲಿ ರೋಗಿಗಳು ತಪ್ಪಾದದ್ದನ್ನು ಬಿಡುವುದನ್ನು ಚೆನ್ನಾಗಿ ಕಲಿತರು, ಔಷಧ ತೆಗೆದುಕೊಂಡಾಗ ಸರಿಯಾದದ್ದನ್ನು ಹಿಡಿಯುವುದನ್ನು ಚೆನ್ನಾಗಿ ಕಲಿತರು. ಸಾಮಾನ್ಯವಾಗಿ ನಿರೀಕ್ಷೆ ಹುಸಿಯಾದಾಗ ಮೆದುಳಿನಲ್ಲಿ ಡೋಪಮೈನ್ ಒಂದು ಕ್ಷಣ ಕುಸಿಯುತ್ತದೆ, ಆ ಕುಸಿತವೇ ನಮಗೆ ಇನ್ನು ಸಾಕು ಎಂದು ಕಲಿಸುವ ಪಾಠ. ದಿನವಿಡೀ ಗ್ರಾಹಕಗಳನ್ನು ಹಿಡಿದುಕೊಂಡಿರುವ ಔಷಧ ಆ ಕುಸಿತವನ್ನು ತುಂಬಿಬಿಡುತ್ತದೆ. ನಿಮ್ಮ ತಂದೆಯವರಿಗೆ ಸೋಲು ಕಾಣುವುದಿಲ್ಲ ಎಂದಲ್ಲ, ಲೆಕ್ಕಪತ್ರ ನೋಡಿದವರಿಗೆ ಅದು ಕಾಣದೆ ಇರುತ್ತದೆಯೇ? ಕಂಡ ಸೋಲು ನಾಟುತ್ತಿಲ್ಲ.

ಇದು ಎಷ್ಟು ಜನರಿಗೆ ಆಗುತ್ತದೆ ಎಂಬ ಲೆಕ್ಕ, ನಾವು ಹೇಗೆ ಕೇಳುತ್ತೇವೆ ಎಂಬುದನ್ನೇ ಅವಲಂಬಿಸಿದೆ. 2003ರಲ್ಲಿ ಪ್ರಕಟವಾದ ವರದಿಯೊಂದರಲ್ಲಿ 1,884 ರೋಗಿಗಳ ದಾಖಲೆಗಳ ನಡುವೆ ಜೂಜಿನ ಗೀಳಿನ 9 ಪ್ರಕರಣಗಳು ಮಾತ್ರ ಸಿಕ್ಕವು. ಅಮೆರಿಕ ಮತ್ತು ಕೆನಡಾದ 46 ಕೇಂದ್ರಗಳಲ್ಲಿ 3,090 ರೋಗಿಗಳನ್ನು ನೇರವಾಗಿ ಪ್ರಶ್ನಿಸಿದ, ಡೊಮಿನಿಯನ್ ಎಂಬ ಹೆಸರಿನ ಅಧ್ಯಯನ 2010ರಲ್ಲಿ ಹೊರಬಂದಾಗ, ಜೂಜು, ಕೊಳ್ಳುವ ಗೀಳು, ಲೈಂಗಿಕ ತುಡಿತ, ಹಿಡಿತವಿಲ್ಲದೆ ತಿನ್ನುವುದು ಈ ನಾಲ್ಕರಲ್ಲಿ ಒಂದಾದರೂ ಶೇಕಡ 13.6ರಷ್ಟು ಜನರಲ್ಲಿ ಇತ್ತು. ಅಗೊನಿಸ್ಟ್ ತೆಗೆದುಕೊಳ್ಳುವವರಲ್ಲಿ ಶೇಕಡ 17.1, ತೆಗೆದುಕೊಳ್ಳದವರಲ್ಲಿ ಶೇಕಡ 6.9. ಮುಂದೆ 2018ರಲ್ಲಿ ಫ್ರಾನ್ಸಿನಿಂದ ಬಂದ ಅಧ್ಯಯನ ಒಂದೇ ಗುಂಪಿನ ರೋಗಿಗಳನ್ನು ವರ್ಷದಿಂದ ವರ್ಷಕ್ಕೆ ಹಿಂಬಾಲಿಸಿತು. ಐದು ವರ್ಷಗಳ ಅವಧಿಯಲ್ಲಿ ಹೊಸದಾಗಿ ಇಂತಹ ತೊಂದರೆಗೆ ಒಳಗಾಗುವ ಸಾಧ್ಯತೆ, ಅಗೊನಿಸ್ಟ್ ಬಳಸಿದವರಲ್ಲಿ ಸುಮಾರು ಅರ್ಧದಷ್ಟು ಎಂದು ಅದು ಲೆಕ್ಕ ಹಾಕಿತು. ಅಂದರೆ ವಿರಳವೆಂದು ನಾವು ಭಾವಿಸಿದ್ದು ಬಹುಮಟ್ಟಿಗೆ ನಾವು ಕೇಳದೆ ಇದ್ದದ್ದರ ಫಲ. ಇದನ್ನು ನನ್ನ ವೃತ್ತಿಯವರ ಲೋಪವೆಂದೇ ನಾನು ಹೇಳುತ್ತೇನೆ.

ಚಿಕ್ಕ ವಯಸ್ಸಿನಲ್ಲಿ ಕಾಯಿಲೆ ಬಂದವರು, ಧೂಮಪಾನಿಗಳು, ಮನೆತನದಲ್ಲಿ ಜೂಜಿನ ಇತಿಹಾಸವಿರುವವರು ಇವರಲ್ಲಿ ಅಪಾಯ ಹೆಚ್ಚು. ಆದರೆ ನಿಮ್ಮ ತಂದೆಯವರಂತೆ ಇವು ಯಾವುವೂ ಇಲ್ಲದವರಲ್ಲಿಯೂ ಬರುತ್ತದೆ. ಮಾತ್ರೆ ಶುರುಮಾಡಿ ವರ್ಷಗಳಾದ ಮೇಲೆಯೂ ಬರುತ್ತದೆ, ಆದ್ದರಿಂದ ಇಷ್ಟು ದಿನ ಆಗದ್ದು ಈಗ ಹೇಗೆ ಎಂಬ ವಾದ ನಿಲ್ಲುವುದಿಲ್ಲ.

ಗಡಿಯಾರದ ಚಕ್ರಗಳ ವಿಷಯವನ್ನು ಬರೆದದ್ದು ಬಹಳ ಒಳ್ಳೆಯದಾಯಿತು. ಗುರಿಯಿಲ್ಲದೆ ಒಂದೇ ಕೆಲಸವನ್ನು ಗಂಟೆಗಟ್ಟಲೆ ಮಾಡುವ, ವಸ್ತುಗಳನ್ನು ಬಿಚ್ಚುವ, ವಿಂಗಡಿಸುವ ಈ ವರ್ತನೆಗೆ ಪಂಡಿಂಗ್ ಎಂದು ಹೆಸರು. ಆಂಫೆಟಮಿನ್ ಎಂಬ ಉತ್ತೇಜಕ ಮಾದಕದ ಚಟಕ್ಕೆ ಬಿದ್ದವರಲ್ಲಿ ಅದನ್ನು ಮೊದಲು ಗುರುತಿಸಿದ್ದು ಸ್ವೀಡನ್ನಿನಲ್ಲಿ, ಹೆಸರೂ ಅಲ್ಲಿನದೇ. ಪಾರ್ಕಿನ್ಸನ್ ರೋಗಿಗಳಲ್ಲಿ ಇದು ಒಟ್ಟು ಡೋಪಮೈನ್ ಔಷಧದ ಪ್ರಮಾಣ ಹೆಚ್ಚಾದಾಗ ಕಾಣಿಸುತ್ತದೆ. ಲೆವೊಡೋಪಾವನ್ನು ಹೇಳಿದ್ದಕ್ಕಿಂತ ಹೆಚ್ಚಾಗಿ ಅವರೇ ತೆಗೆದುಕೊಳ್ಳುತ್ತಿದ್ದಾರೆಯೇ ಎಂಬುದನ್ನೂ ಮಾತ್ರೆ ಎಣಿಸಿ ನೋಡಿ. ಕೆಲವರಲ್ಲಿ ಔಷಧವೇ ಚಟವಾಗುವುದುಂಟು.

ಭೇಟಿಗೆ ಹೋಗುವ ಮೊದಲು, ಏನು ಯಾವಾಗ ಶುರುವಾಯಿತು, ಪ್ರಮಾಣ ಯಾವಾಗ ಏರಿತು ಎಂಬುದನ್ನು ಒಂದು ಪುಟದಲ್ಲಿ ಬರೆದು ವೈದ್ಯರಿಗೆ ಮುಂಚಿತವಾಗಿ ತಲುಪಿಸಿ. ಆಗ ಅಪ್ಪನ ಎದುರಿಗೆ ದೂರು ಹೇಳಿದಂತಾಗುವುದಿಲ್ಲ, ಈ ಮಾತ್ರೆ ತೆಗೆದುಕೊಳ್ಳುವ ಎಲ್ಲರನ್ನೂ ಕೇಳುವ ಪ್ರಶ್ನೆಯೆಂಬಂತೆ ವೈದ್ಯರೇ ಮಾತು ತೆಗೆಯುತ್ತಾರೆ. ಅದು ಎಲ್ಲರನ್ನೂ ಕೇಳಲೇಬೇಕಾದ ಪ್ರಶ್ನೆಯೂ ಹೌದು.

ಉತ್ತರ 2: ಎಂಟು ವರ್ಷಗಳಿಂದ ಪಾರ್ಕಿನ್ಸನ್ ಇರುವವನು

ತಂಗೀ, ನಾನು ನಿಮ್ಮ ತಂದೆಯವರ ಜಾಗದಲ್ಲಿ ಇದ್ದವನು. ನನ್ನದು ಜೂಜಲ್ಲ, ಕೊಳ್ಳುವ ಗೀಳು. ಔಷಧ ರೋಪಿನಿರೋಲ್. ಡಾಕ್ಟರ್ ಮೇಡಂ ಹೊರಗಿನಿಂದ ಹೇಳಿದ್ದನ್ನು ಒಳಗಿನಿಂದ ಹೇಳಲು ಪ್ರಯತ್ನಿಸುತ್ತೇನೆ, ಏಕೆಂದರೆ ನಿಮ್ಮ ತಂದೆಯವರು ಬಹುಶಃ ಇದನ್ನು ನಿಮಗೆ ಹೇಳುವ ಸ್ಥಿತಿಯಲ್ಲಿ ಇಲ್ಲ.

ನನಗೆ ಕ್ಯಾಮೆರಾದ ಮೇಲೆ ಹಿಂದಿನಿಂದಲೂ ಪ್ರೀತಿ ಇತ್ತು. ಔಷಧ ಶುರುವಾದ ಎರಡನೆಯ ವರ್ಷದಲ್ಲಿ ಆ ಪ್ರೀತಿ ಹಿಗ್ಗಿತು. ಕೆಲಸದ ದಿನಗಳಲ್ಲಿ ಸಮಯವಿರಲಿಲ್ಲ, ಈಗ ಇದೆ, ಅದಕ್ಕೇ ಆಸಕ್ತಿ ಮರಳಿದೆ ಎಂದುಕೊಂಡೆ. ಇಲ್ಲಿಯೇ ಈ ತೊಂದರೆಯ ಮರ್ಮ ಇರುವುದು. ಆ ತುಡಿತ ಎಂದೂ ಹೊರಗಿನದು ಎಂದು ನನಗೆ ಅನಿಸಲಿಲ್ಲ. ಹಸಿವಾದಾಗ ಇದು ಬೇರೆ ಯಾರದೋ ಹಸಿವು ಎಂದು ಯಾರಿಗೂ ಅನಿಸುವುದಿಲ್ಲವಲ್ಲ, ಹಾಗೆಯೇ. ಒಂದು ಲೆನ್ಸ್ ಬಂತು, ಎರಡನೆಯದು ಬಂತು. ಏಳನೆಯದು ಬರುವ ಹೊತ್ತಿಗೆ ನಾನು ಪೆಟ್ಟಿಗೆಗಳನ್ನು ಬಿಚ್ಚುವುದನ್ನೇ ಬಿಟ್ಟಿದ್ದೆ. ಬಾಗಿಲಿನ ಗಂಟೆ ಬಾರಿಸುವವರೆಗಿನ ಕಾಯುವಿಕೆ ಮಾತ್ರ ನನಗೆ ಬೇಕಾಗಿತ್ತು. ಪೆಟ್ಟಿಗೆ ಕೈಗೆ ಬಂದ ಕ್ಷಣವೇ ಅದು ಸತ್ತ ವಸ್ತು. ಮಂಚದ ಕೆಳಗೆ ತಳ್ಳಿ, ಮತ್ತೆ ಮೊಬೈಲ್ ಕೈಗೆತ್ತಿಕೊಳ್ಳುತ್ತಿದ್ದೆ.

ಮುಚ್ಚಿಟ್ಟದ್ದೇಕೆ ಎಂದು ಮಗ ಕೇಳಿದ. ನಾಚಿಕೆ ಒಂದು ಕಾರಣ, ಅದಕ್ಕಿಂತ ದೊಡ್ಡದು ಭಯ. ಈ ಔಷಧದಿಂದ ನಾನು ಮತ್ತೆ ಮೆಟ್ಟಿಲು ಹತ್ತುತ್ತಿದ್ದೆ. ನಿಜ ಹೇಳಿದರೆ ಔಷಧ ಕಿತ್ತುಕೊಳ್ಳುತ್ತಾರೆ, ಮತ್ತೆ ಕುರ್ಚಿಗೆ ಅಂಟಿಕೊಳ್ಳುತ್ತೇನೆ ಎಂಬ ಭಯ. ಎರಡು ವರ್ಷಗಳಲ್ಲಿ ಪ್ರತಿ ಭೇಟಿಯಲ್ಲೂ ನಿದ್ದೆ ಹೇಗಿದೆ, ಮಲಬದ್ಧತೆ ಇದೆಯೇ, ಬಿದ್ದಿರಾ ಎಂದು ಕೇಳಿದರು. ಒಂದೇ ಒಂದು ಬಾರಿ, ಹೊರಡುವ ಹೊತ್ತಿಗೆ, ಅತಿಯಾದ ಖರ್ಚು ಇತ್ಯಾದಿ ಏನೂ ಇಲ್ಲ ತಾನೆ ಎಂದರು. ಪಕ್ಕದಲ್ಲಿ ಹೆಂಡತಿ ಕುಳಿತಿದ್ದಳು. ಇಲ್ಲ ಎಂದೆ. ಇಲ್ಲ ತಾನೆ ಎಂದು ಕೇಳಿದರೆ ಇಲ್ಲ ಎಂಬ ಉತ್ತರವೇ ಬರುತ್ತದೆ. ಇದನ್ನು ಓದುವ ವೈದ್ಯರು ಯಾರಾದರೂ ಇದ್ದರೆ, ರೋಗಿಯನ್ನು ಐದು ನಿಮಿಷ ಒಬ್ಬರನ್ನೇ ಕೂರಿಸಿಕೊಂಡು, ಮನೆಯವರನ್ನೂ ಬೇರೆಯಾಗಿ ಕೇಳಿ ಎಂದು ಕೈಮುಗಿದು ಬೇಡುತ್ತೇನೆ.

ಔಷಧ ಇಳಿಸುವ ಹಾದಿಯ ಬಗ್ಗೆಯೂ ಎಚ್ಚರ ಹೇಳಬೇಕು. ನನಗೆ ಕೆಲವು ವಾರಗಳಲ್ಲಿ ಹಂತಹಂತವಾಗಿ ಇಳಿಸಿದರು. ಕೊನೆಯ ಹಂತಗಳಲ್ಲಿ ನರಕ ಕಂಡೆ. ಕಾರಣವಿಲ್ಲದೆ ಎದೆ ಹಾರುವುದು, ಬೆವರು, ಬೆಳಿಗ್ಗೆ ಎದ್ದರೆ ಬದುಕು ಬೇಡವೆನಿಸುವ ಬೇಸರ. ಲೆವೊಡೋಪಾ ಹೆಚ್ಚಿಸಿದರೆ ಕೈಕಾಲು ಸಡಿಲವಾಯಿತು, ಒಳಗಿನ ಆ ತಳಮಳಕ್ಕೆ ಅದು ತಾಗಲೇ ಇಲ್ಲ. ಇದಕ್ಕೂ ಹೆಸರಿದೆ, 2010ರಲ್ಲಿಯೇ ವೈದ್ಯಕೀಯ ಪತ್ರಿಕೆಯಲ್ಲಿ ವಿವರಿಸಿದ್ದಾರೆ, ಅಗೊನಿಸ್ಟ್ ಬಿಡುವಾಗ ಕೆಲವರಿಗೆ ಹೀಗಾಗುತ್ತದೆ, ಗೀಳು ಇದ್ದವರಿಗೇ ಹೆಚ್ಚು ಎಂದು ನನ್ನ ವೈದ್ಯರು ನಂತರ ತಿಳಿಸಿದರು. ಮೊದಲೇ ಹೇಳಿದ್ದರೆ ನನಗೆ ಹುಚ್ಚು ಹಿಡಿಯುತ್ತಿದೆ ಎಂದು ನಾನು ಹೆದರುತ್ತಿರಲಿಲ್ಲ. ಇಳಿಸುವ ವೇಗವನ್ನು ಅರ್ಧಕ್ಕೆ ತಗ್ಗಿಸಿದ ಮೇಲೆ ತಡೆದುಕೊಳ್ಳುವಂತಾಯಿತು. ಸುಮಾರು ಮೂರು ತಿಂಗಳಾದ ಮೇಲೆ ಒಂದು ದಿನ ಮೊಬೈಲಿನಲ್ಲಿ ಲೆನ್ಸಿನ ಚಿತ್ರ ಕಂಡಿತು, ನಾನು ಅದನ್ನು ದಾಟಿ ಮುಂದೆ ಹೋಗಿದ್ದೆ. ಹೋದ ಮೇಲೆಯೇ ಅದು ನನ್ನ ಅರಿವಿಗೆ ಬಂತು.

ಪ್ರಶ್ನೆ ಕೇಳಿದವರು

ಡಾಕ್ಟರ್ ಮೇಡಂ ಅವರಿಗೂ ಅಣ್ಣನವರಿಗೂ ಬಹಳ ಕೃತಜ್ಞತೆಗಳು. ಎರಡೂ ಉತ್ತರಗಳನ್ನು ತಮ್ಮನಿಗೆ ಓದಿ ಹೇಳಿದೆ. ಹಸಿವಿನ ಮಾತು ಕೇಳಿ ಅವನು ಬಹಳ ಹೊತ್ತು ಸುಮ್ಮನಿದ್ದ. ಲೆವೊಡೋಪಾ ಮಾತ್ರೆಗಳನ್ನು ಎಣಿಸಿದೆವು, ಲೆಕ್ಕಕ್ಕಿಂತ ಕಡಿಮೆ ಇಲ್ಲ. ಭೇಟಿ ಶುಕ್ರವಾರಕ್ಕೆ ಸಿಕ್ಕಿದೆ.

ಇನ್ನೊಂದು ವಿಷಯವಿದೆ, ಬರೆಯಲು ಸಂಕೋಚವಾಗುತ್ತದೆ. ಈ ಉತ್ತರಗಳನ್ನು ಓದಿದ ಮೇಲೆ ಅಮ್ಮ ನನ್ನನ್ನು ಅಡುಗೆಮನೆಗೆ ಕರೆದು, ಹೋದ ವರ್ಷದಿಂದ ಅಪ್ಪ ರಾತ್ರಿಯ ಹೊತ್ತು ತಮ್ಮನ್ನು ಬಹಳ ಪೀಡಿಸುತ್ತಿದ್ದಾರೆ, ಬೇಡವೆಂದರೆ ಕೋಪಗೊಳ್ಳುತ್ತಾರೆ, ಈ ವಯಸ್ಸಿನಲ್ಲಿ ಇದನ್ನು ಯಾರಿಗೆ ಹೇಳುವುದು ಎಂದು ಅತ್ತರು. ಇದೂ ಅದಕ್ಕೇ ಸೇರಿದ್ದೇ? ಇದನ್ನೂ ಆ ಪುಟದಲ್ಲಿ ಬರೆಯಬೇಕೇ?

ಉತ್ತರ 3: ರೋಗಿಯ ಪತ್ನಿ, ಹನ್ನೊಂದು ವರ್ಷಗಳಿಂದ ಆರೈಕೆ ಮಾಡುತ್ತಿರುವವಳು

ಬರೆಯಬೇಕು ಮಗಳೇ, ಖಂಡಿತ ಬರೆಯಬೇಕು. ಮನೆಗಳಲ್ಲಿ ಎಲ್ಲಕ್ಕಿಂತ ಕೊನೆಗೆ ಹೊರಬರುವುದು ಇದೇ, ಮತ್ತು ಅದನ್ನು ಒಬ್ಬಳೇ ನುಂಗಿಕೊಂಡು ಕೂರುವವಳು ಹೆಂಡತಿ. ನಾನು ಒಂದೂವರೆ ವರ್ಷ ನುಂಗಿಕೊಂಡಿದ್ದೆ. ನಿಮ್ಮ ತಾಯಿಯವರಿಗೆ ನನ್ನ ಪರವಾಗಿ ಎರಡು ಮಾತು ಹೇಳಿ. ಇದು ಅದೇ ಔಷಧದ ಇನ್ನೊಂದು ಮುಖ, ಅವರ ಗಂಡ ಇಷ್ಟು ವರ್ಷ ತೋರಿಸದೆ ಇಟ್ಟಿದ್ದ ನಿಜಸ್ವರೂಪ ಈಗ ಬಯಲಾಯಿತು ಎಂದಲ್ಲ. ಹಾಗೆಯೇ, ಕಾಯಿಲೆಯ ಕಾರಣಕ್ಕೆ ಬೇಡ ಎನ್ನುವ ಅವರ ಹಕ್ಕು ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಔಷಧ ಸರಿಹೋಗುವವರೆಗೆ ಬೇರೆ ಕೋಣೆಯಲ್ಲಿ ಮಲಗಲಿ, ಒಳಗಿನಿಂದ ಚಿಲಕ ಹಾಕಿಕೊಳ್ಳಲಿ, ಅದಕ್ಕೆ ಯಾರಿಗೂ ಕಾರಣ ಕೊಡಬೇಕಾಗಿಲ್ಲ. ಬಲವಂತವೇನಾದರೂ ನಡೆದಿದ್ದರೆ ಶುಕ್ರವಾರದವರೆಗೂ ಕಾಯಬೇಡಿ.

ಹಣದ ವಿಷಯಕ್ಕೆ ಬರುತ್ತೇನೆ. ಔಷಧ ಇಳಿಸಿದ ಮರುದಿನವೇ ತುಡಿತ ಹೋಗುವುದಿಲ್ಲ, ನಡುವಿನ ವಾರಗಳಲ್ಲಿಯೇ ನಮ್ಮ ಮನೆಗೆ ಅತಿ ಹೆಚ್ಚು ನಷ್ಟವಾಯಿತು. ನಮ್ಮವರ ಮನಸ್ಸು ತಿಳಿಯಾಗಿದ್ದ ಒಂದು ಬೆಳಿಗ್ಗೆ, ಅವರ ಒಪ್ಪಿಗೆ ಪಡೆದೇ, ಉಳಿತಾಯವನ್ನೆಲ್ಲ ಇಬ್ಬರ ಸಹಿಯಿಲ್ಲದೆ ತೆಗೆಯಲಾಗದ ಖಾತೆಗೆ ಸೇರಿಸಿದೆವು. ದಿನದ ಖರ್ಚಿಗೆ ಸಣ್ಣ ಮೊತ್ತದ ಬೇರೆ ಖಾತೆ ಮಾಡಿ, ಅವರ ಮೊಬೈಲಿಗೆ ಅದನ್ನು ಮಾತ್ರ ಜೋಡಿಸಿದೆವು. ಹಣ ಹೋದರೆ ಮಗಳ ಮೊಬೈಲಿಗೂ ಸಂದೇಶ ಬರುವಂತೆ ಮಾಡಿದೆವು. ಇಷ್ಟು ಮಾಡಿಯೂ ಒಂದನ್ನು ಮರೆತಿದ್ದೆವು, ಸಾಲ. ಖಾತೆಯಲ್ಲಿ ಹಣವಿಲ್ಲದಿದ್ದರೂ ಮೊಬೈಲಿನಲ್ಲಿ ಕ್ಷಣದಲ್ಲಿ ಸಾಲ ಸಿಗುತ್ತದೆ. ನಿಮ್ಮ ತಂದೆಯವರ ಹೆಸರಿನಲ್ಲಿ ಯಾವ ಯಾವ ಸಾಲ ಇದೆ ಎಂಬುದನ್ನು ಮೊದಲು ವಿಚಾರಿಸಿ. ಕೂಗಾಡಿ ಮೊಬೈಲ್ ಕಿತ್ತುಕೊಳ್ಳುವುದರಿಂದ ಏನೂ ಆಗುವುದಿಲ್ಲ, ನಾನು ಅದನ್ನೂ ಮಾಡಿ ನೋಡಿದ್ದೇನೆ. ಅವರು ಇನ್ನೊಂದನ್ನು ತಂದು ಸ್ನಾನದ ಮನೆಯ ಕಿಟಕಿಯಲ್ಲಿ ಇಟ್ಟುಕೊಂಡಿದ್ದರು.

ಮೇಲೆ ಬರೆದ ಇಬ್ಬರ ಮಾತಿಗೆ ನನ್ನದೊಂದು ಸಣ್ಣ ತಕರಾರಿದೆ. ಎಲ್ಲವೂ ಮಾತ್ರೆಯದೇ ಎಂದುಬಿಟ್ಟರೆ ನಮ್ಮಂಥವರಿಗೆ ಆದ ನೋವಿಗೆ ಜಾಗವೇ ಉಳಿಯುವುದಿಲ್ಲ. ತುಡಿತ ಮಾತ್ರೆಯದು, ಒಪ್ಪಿದೆ. ಆದರೆ ಕಣ್ಣಲ್ಲಿ ಕಣ್ಣಿಟ್ಟು ನನಗೆ ಸುಳ್ಳು ಹೇಳಿದ್ದು ನನ್ನ ಗಂಡ. ಅವರು ಗುಣವಾದ ಮೇಲೆ, ನಿನಗೆ ನಾನು ಸುಳ್ಳು ಹೇಳಿದೆ ಎಂದು ಒಂದು ದಿನ ತಾವಾಗಿಯೇ ಹೇಳಿದರು. ಆ ಮಾತು ನನಗೆ ಬೇಕಾಗಿತ್ತು. ಅದು ಬರುವವರೆಗೆ ನನ್ನ ಸಿಟ್ಟು ಆರಲಿಲ್ಲ, ಆ ಸಿಟ್ಟಿಗಾಗಿ ನಾನು ನಾಚಿಕೊಳ್ಳುವುದೂ ಇಲ್ಲ.

ಉತ್ತರ 4: ನರರೋಗ ವೈದ್ಯೆ

ಮೇಲೆ ಉತ್ತರ ಬರೆದ ಅಮ್ಮನವರ ತಕರಾರನ್ನು ಒಪ್ಪುತ್ತೇನೆ. ಕಾರಣವನ್ನು ವಿವರಿಸುವುದು ನನ್ನ ಕೆಲಸ, ಕ್ಷಮಿಸುವುದೋ ಬಿಡುವುದೋ ಮನೆಯವರಿಗೆ ಸೇರಿದ್ದು. ಎರಡನ್ನೂ ಕಲಸಿದರೆ ಎರಡೂ ಕೆಡುತ್ತವೆ.

ಶುಕ್ರವಾರ ಏನು ನಿರೀಕ್ಷಿಸಬಹುದು ಎಂಬುದನ್ನು ಹೇಳುತ್ತೇನೆ. ಸಾಮಾನ್ಯವಾಗಿ ಅಗೊನಿಸ್ಟ್ ಪ್ರಮಾಣವನ್ನು ನಿಧಾನವಾಗಿ ಇಳಿಸಿ, ಸಾಧ್ಯವಾದರೆ ಪೂರ್ತಿ ನಿಲ್ಲಿಸಿ, ಚಲನೆಗೆ ಬೇಕಾದಷ್ಟನ್ನು ಲೆವೊಡೋಪಾದಿಂದ ಸರಿದೂಗಿಸುತ್ತಾರೆ. ಬಹುಪಾಲು ರೋಗಿಗಳಲ್ಲಿ ತುಡಿತ ಕ್ರಮೇಣ ತಗ್ಗುತ್ತದೆ, ಕೆಲವರಲ್ಲಿ ಅದಕ್ಕೆ ಬಹಳ ತಿಂಗಳುಗಳು ಬೇಕಾಗುತ್ತವೆ. ಒಂದು ಅಗೊನಿಸ್ಟ್ ಬದಲಿಗೆ ಅದೇ ಗುಂಪಿನ ಇನ್ನೊಂದನ್ನು ಕೊಡುವುದು ಪರಿಹಾರವೆಂದು ಎಣಿಸಬೇಡಿ, ತೊಂದರೆ ಅದರಲ್ಲಿಯೂ ಮುಂದುವರಿಯಬಹುದು. ಅಣ್ಣನವರು ವಿವರಿಸಿದ ತಳಮಳ ಕಂಡರೆ ಬೇಸರವೆಂದು ಸುಮ್ಮನಾಗದೆ, ಅದರಲ್ಲೂ ಬದುಕು ಬೇಡವೆಂಬ ಮಾತು ಬಂದರೆ ಅದೇ ದಿನ, ವೈದ್ಯರಿಗೆ ತಿಳಿಸಿ.

ಔಷಧ ಇಳಿಸಿಯೂ ಗೀಳು ಉಳಿದವರಿಗೆ, ಆಲೋಚನೆ ಮತ್ತು ವರ್ತನೆಯ ಕ್ರಮವನ್ನು ತಿದ್ದುವ ಆಪ್ತ ಸಮಾಲೋಚನೆಯಿಂದ ಪ್ರಯೋಜನವಾಗುತ್ತದೆ ಎಂದು ಬ್ರಿಟನ್ನಿನಲ್ಲಿ 2013ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ತೋರಿಸಿದೆ. ಇದಕ್ಕೆಂದೇ ಖಚಿತವಾಗಿ ಕೆಲಸ ಮಾಡುವ ಮಾತ್ರೆ ಇನ್ನೂ ಇಲ್ಲ. ಪಾರ್ಕಿನ್ಸನ್‌ಗೆ ಕೊಡುವ ಅಮಾಂಟಡಿನ್ ಎಂಬ ಇನ್ನೊಂದು ಔಷಧದ ಬಗ್ಗೆ ಒಂದು ಸಣ್ಣ ಅಧ್ಯಯನ ಆಸೆ ಹುಟ್ಟಿಸಿತು, ದೊಡ್ಡ ಅಧ್ಯಯನದ ಅಂಕಿಅಂಶಗಳು ಅದಕ್ಕೆ ವಿರುದ್ಧವಾದವು. ಬೇರೆ ಯಾರಾದರೂ ನಿದ್ದೆಗೆ ಅಥವಾ ಕೋಪಕ್ಕೆಂದು ಹ್ಯಾಲೊಪೆರಿಡಾಲ್‌ನಂತಹ, ಡೋಪಮೈನನ್ನು ತಡೆಯುವ ಮಾತ್ರೆ ಬರೆದರೆ ಪಾರ್ಕಿನ್ಸನ್ ಇದೆ ಎಂದು ತಪ್ಪದೆ ಹೇಳಿ, ಅದು ಚಲನೆಯನ್ನು ತೀವ್ರವಾಗಿ ಕೆಡಿಸುತ್ತದೆ. ಮೆದುಳಿನ ಆಳಕ್ಕೆ ವಿದ್ಯುತ್ ತಂತಿ ಇಡುವ ಶಸ್ತ್ರಚಿಕಿತ್ಸೆಯ ಬಗ್ಗೆ ಯಾರಾದರೂ ಹೇಳಬಹುದು. ಅದರಿಂದ ಔಷಧ ತಗ್ಗಿಸಲು ಸಾಧ್ಯವಾಗಿ ಕೆಲವರಿಗೆ ಅನುಕೂಲವಾಗಿದೆ, ಕೆಲವರಲ್ಲಿ ಶಸ್ತ್ರಚಿಕಿತ್ಸೆಯ ನಂತರವೇ ಹೊಸ ತುಡಿತ ಕಾಣಿಸಿಕೊಂಡದ್ದೂ ಇದೆ. ಈ ಹಂತದಲ್ಲಿ ಅದು ಮೊದಲ ಆಯ್ಕೆಯಲ್ಲ.

ಕಾಲಿನ ತಳಮಳದಿಂದ ನಿದ್ದೆ ಬಾರದವರಿಗೂ ಇದೇ ಮಾತ್ರೆಗಳನ್ನು ಕಡಿಮೆ ಪ್ರಮಾಣದಲ್ಲಿ ಕೊಡುತ್ತಾರೆ, ಅವರಲ್ಲಿಯೂ ಇದು ಆಗಬಹುದು. ಪಾರ್ಕಿನ್ಸನ್ ಇಲ್ಲವೆಂಬ ಕಾರಣಕ್ಕೆ ಇದನ್ನು ಓದಿ ಬಿಟ್ಟುಬಿಡಬೇಡಿ.

ಪ್ರಶ್ನೆ ಕೇಳಿದವರು, ಏಳು ವಾರಗಳ ನಂತರ

ತಿಳಿಸುತ್ತೇನೆ ಎಂದುಕೊಂಡಿದ್ದು ತಡವಾಯಿತು. ಆ ಶುಕ್ರವಾರ ವೈದ್ಯರು ನಮ್ಮನ್ನು ಹೊರಗೆ ಕಳುಹಿಸಿ ಅಪ್ಪನ ಜೊತೆ ಇಪ್ಪತ್ತು ನಿಮಿಷ ಮಾತನಾಡಿದರು. ಏನು ಕೇಳಿದರೋ ತಿಳಿಯದು, ಹೊರಗೆ ಬಂದಾಗ ಅಪ್ಪನ ಮುಖ ತೊಳೆದಂತಿತ್ತು. ಪ್ರಮಿಪೆಕ್ಸೋಲ್ ಈಗ ಮೊದಲಿದ್ದುದರ ಕಾಲುಭಾಗಕ್ಕೆ ಇಳಿದಿದೆ. ಬೆಳಗಿನ ಬಿಗಿತ ಹೆಚ್ಚಾಗಿದೆ, ಗುಂಡಿ ಹಾಕಲು ಮತ್ತೆ ನಾವು ಬೇಕು. ಎರಡು ವಾರ ಎದೆ ಹಾರುತ್ತದೆ ಎಂದು ನರಳಿದರು, ಇಳಿಸುವುದನ್ನು ಅಲ್ಲಿಗೇ ತಡೆದಿದ್ದೇವೆ. ಗಡಿಯಾರದ ಚಕ್ರಗಳು ಬಟ್ಟೆಯ ಮೇಲೆ ಹಾಗೆಯೇ ಇವೆ, ಅವರು ಅತ್ತ ಹೋಗುತ್ತಿಲ್ಲ. ಅಮ್ಮ ನನ್ನ ಕೋಣೆಯಲ್ಲಿ ಮಲಗುತ್ತಾರೆ, ಹಗಲು ಅಪ್ಪನ ಜೊತೆ ಮಾತನಾಡಲು ಶುರುಮಾಡಿದ್ದಾರೆ.

ಮೊನ್ನೆ ಅಪ್ಪ ಲೆಕ್ಕದ ಪುಸ್ತಕ ಕೇಳಿ ತೆಗೆಸಿಕೊಂಡು, ಖಾಲಿ ಪುಟದಲ್ಲಿ ಕಳೆದುಕೊಂಡದ್ದನ್ನೆಲ್ಲ ನೆನಪಿದ್ದಷ್ಟು ತಾರೀಖಿನ ಸಮೇತ ಬರೆದರು. ಕಾಯಿಲೆಯಿಂದ ಅವರ ಅಕ್ಷರ ಸಾಲಿನ ಕೊನೆಗೆ ಹೋಗುತ್ತಾ ಹೋಗುತ್ತಾ ಸಾಸಿವೆಯಷ್ಟಾಗುತ್ತದೆ, ತಮ್ಮನೂ ನಾನೂ ಭೂತಗನ್ನಡಿ ಹಿಡಿದು ಓದಿದೆವು. ಮೂರು ಸಾಲಗಳಿವೆ, ಅವುಗಳಲ್ಲಿ ಎರಡರ ವಿಷಯ ನಮಗೆ ಗೊತ್ತೇ ಇರಲಿಲ್ಲ. ನಾಳೆ ತಮ್ಮ ಅಪ್ಪನನ್ನು ಕರೆದುಕೊಂಡು, ವೈದ್ಯರ ಪತ್ರದೊಂದಿಗೆ, ಸಾಲ ಕೊಟ್ಟವರ ಬಳಿಗೆ ಹೋಗುತ್ತಿದ್ದಾನೆ.